ಮೂಲೆಯ ಕಲ್ಲಿಗೆ ಒಂದು ಚೊಂಬು ನೀರು

ಹಾಡು ಕೇಳುವ ಹುಚ್ಚು ಹತ್ತಿದವರು ಮನೆಯವರಿಗೆ ಸುಳ್ಳು ಹೇಳುವುದರಲ್ಲಿ ನಿಸ್ಸೀಮರು. ನನ್ನ ಕಾಯಂ ಸುಳ್ಳು 'ಇದೊಂದು ತಂದರೆ ಮುಗೀತು' ಎನ್ನುವುದು. ಹೀಗೆ ಹೇಳುತ್ತಲೇ ಮೊದಲು ಸ್ಪೀಕರ್ ತಂದೆ, ಆಮೇಲೆ ಆಂಪ್ಲಿಫೈಯರ್ ತಂದೆ, ಕೊನೆಗೆ ಡ್ಯಾಕ್ ತಂದೆ. ಕಂಪ್ಯೂಟರಿನಲ್ಲಿ ಹಾಡು ಬರೀ ಅಂಕಿಗಳಾಗಿ ಕೂತಿರುತ್ತದೆ. ಅದನ್ನು ಕಿವಿಗೆ ಕೇಳುವ ದನಿಯಾಗಿ ಬದಲಾಯಿಸಿಕೊಡುವ ಪೆಟ್ಟಿಗೆಗೆ ಡ್ಯಾಕ್ ಎನ್ನುತ್ತಾರೆ. ಆ ಕೆಲಸವನ್ನು ಲ್ಯಾಪ್‌ಟಾಪ್ ತನ್ನ ಪಾಡಿಗೆ ತಾನೇ ಮಾಡಿಕೊಳ್ಳುತ್ತದೆ, ಆದರೆ ಅದಕ್ಕಾಗಿಯೇ ಮಾಡಿದ ಬೇರೆ ಪೆಟ್ಟಿಗೆ ಇದ್ದರೆ ತಂಬೂರಿಯ ತಂತಿ ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ ಎನ್ನುವುದು ನಮ್ಮಂಥವರ ನಂಬಿಕೆ. ಹೆಂಡತಿ ಆ ಅಂಗೈಯಗಲದ ಕಪ್ಪು ಡಬ್ಬಿಯನ್ನು ತಿರುಗಿಸಿ ನೋಡಿ, "ಇದಕ್ಕಾ ಇಷ್ಟು ದಿನ ಕಾದಿದ್ದು?" ಎಂದು ಕೇಳಿ ಒಳಗೆ ಹೋದಳು.

ನಮ್ಮದು ಯಡಿಯೂರು ಕೆರೆಯ ಹಿಂದಿನ ಬೀದಿಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗೆ ಓನರಮ್ಮ ಒಬ್ಬರೇ ಇದ್ದಾರೆ, ನಾವು ಅವರನ್ನು ಅಮ್ಮ ಎಂದೇ ಕರೆಯುವುದು. ಬಡಾವಣೆ ಆಗುವುದಕ್ಕೆ ಮುಂಚೆ ಇಲ್ಲೆಲ್ಲ ಅವರ ಮಾವನವರ ರಾಗಿ ಹೊಲವಿತ್ತಂತೆ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿವೆ. ಈ ಮನೆ ಕಟ್ಟಿಸುವಾಗ ಪಾಯದಿಂದ ವೈರಿಂಗಿನ ತನಕ ಎಲ್ಲದಕ್ಕೂ ಯಜಮಾನರೇ ಮುಂದೆ ನಿಂತಿದ್ದರೆಂದು ಅಮ್ಮ ಆಗಾಗ ಹೇಳುತ್ತಾರೆ. ಭಾನುವಾರದ ಹೊತ್ತಿಗೆ ನಮ್ಮ ಬಾಗಿಲಿಗೆ ಒಂದು ಪಾತ್ರೆ ದೋಸೆ ಹಿಟ್ಟು ಬರುತ್ತಿತ್ತು. ಅವರ ಹಳೆಯ ಕಲ್ಲಿನ ಗ್ರೈಂಡರಿನಲ್ಲಿ ರುಬ್ಬಿದ ಹಿಟ್ಟಿನ ಮುಂದೆ ಅಂಗಡಿಯ ಪ್ಯಾಕೆಟ್ಟು ಏನೇನೂ ಅಲ್ಲ.

ಡ್ಯಾಕ್ ಜೋಡಿಸಿದ ದಿನ ಮೊದಲಿಗೆ ಸದ್ದೇ ಬರಲಿಲ್ಲ. ನಾನು ವಯರುಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿ ಬೆವರಿದ ಮೇಲೆ, ಲ್ಯಾಪ್‌ಟಾಪ್ ಇನ್ನೂ ತನ್ನ ಹೊಟ್ಟೆಯೊಳಗಿನ ಸ್ಪೀಕರಿಗೇ ಹಾಡು ಕಳಿಸುತ್ತಿದೆ ಎಂದು ಗೊತ್ತಾಯಿತು. ಸೆಟ್ಟಿಂಗಿನಲ್ಲಿ ಡ್ಯಾಕನ್ನು ಆರಿಸಿದೆ. ಆಗ ಹಾಡು ಬಂತು, ಜೊತೆಗೆ ಒಗ್ಗರಣೆಯ ಹಾಗೆ ಚಟಪಟ ಬಂತು. ಯುಎಸ್‌ಬಿ ವಯರನ್ನು ನಾಲ್ಕಾರು ವಯರು ಚುಚ್ಚುವ ಹಬ್ ಡಬ್ಬಿಯಿಂದ ತೆಗೆದು ನೇರವಾಗಿ ಲ್ಯಾಪ್‌ಟಾಪಿಗೆ ಕೊಟ್ಟೆ, ಚಟಪಟ ಹೋಯಿತು. ಆಮೇಲೆ ಉಳಿದದ್ದು ಗುಂಯ್ ಎನ್ನುವ ಸದ್ದು ಮಾತ್ರ.

ಅದು ಸಣ್ಣ ಸದ್ದು. ಹಾಡು ಜೋರಾಗಿದ್ದರೆ ಕೇಳುತ್ತಲೇ ಇರಲಿಲ್ಲ. ಆದರೆ ಆಲಾಪದ ನಡುವೆ ಗಾಯಕ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಸರಿಯಾಗಿ ಬಂದು ಕೂರುತ್ತಿತ್ತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ನಿಲ್ಲುತ್ತಿತ್ತು, ಹಾಕಿದರೆ ಮತ್ತೆ ಶುರು. ವಯರು ಬದಲಿಸಿದೆ, ಸಾಕೆಟ್ಟು ಬದಲಿಸಿದೆ, ಮೇಜಿನ ಕೆಳಗೆ ಅಂಗಾತ ಮಲಗಿ ಟಾರ್ಚು ಹಿಡಿದೆ. "ಹಾಡು ಕೇಳೋಕೆ ತಂದ್ರೋ, ಹಾಡನ್ನ ರಿಪೇರಿ ಮಾಡೋಕೆ ತಂದ್ರೋ?" ಎಂದು ಹೆಂಡತಿ ನನ್ನ ಕಾಲುಗಳನ್ನು ದಾಟಿಕೊಂಡು ಹೋದಳು.

ಹೀಗೆ ಕಿವಿಗೊಟ್ಟು ಕೂತಿದ್ದಾಗಲೇ ಇನ್ನೊಂದು ಸಂಗತಿ ಪತ್ತೆಯಾಯಿತು. ಕೆಳಗೆ ಗ್ರೈಂಡರ್ ತಿರುಗಲು ಶುರುವಾದಾಗೆಲ್ಲ ಗುಂಯ್ ದಪ್ಪವಾಗುತ್ತಿತ್ತು. ಗ್ರೈಂಡರ್ ನಿಂತರೆ ಮತ್ತೆ ಸಣ್ಣಗಾಗುತ್ತಿತ್ತು. ಕಳ್ಳ ಸಿಕ್ಕಿಬಿದ್ದ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ತಕ್ಷಣ ಚಪ್ಪಲಿ ಮೆಟ್ಟಿ ಕೆಳಗಿಳಿದೆ.

"ಅಮ್ಮ, ಬೇಜಾರ್ ಮಾಡ್ಕೋಬೇಡಿ. ಭಾನುವಾರ ಬೆಳಿಗ್ಗೆ ಮಾತ್ರ ಗ್ರೈಂಡರ್ ಹಾಕ್ಬೇಡಿ. ನನ್ ಸಿಸ್ಟಮ್‌ಗೆ ಡಿಸ್ಟರ್ಬ್ ಆಗುತ್ತೆ."

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. "ಆಯ್ತು ಬಿಡಿ ಸಾರ್. ಈಗೆಲ್ಲಿ ಮುಂಚಿನಂಗೆ ರುಬ್ತೀನಿ? ಹಿಟ್ಟು ತೆಗೆಯೋವಾಗ ಕೈಯೆಲ್ಲಾ ಜುಮ್ ಅಂತದೆ. ಮೊಣಕೈ ಗಂಟ ಹತ್ತದೆ. ವಯಸ್ಸಾಯ್ತಲ್ಲ."

ನಾನು ಎಲ್ಲ ಬಲ್ಲವನ ಹಾಗೆ ತಲೆಯಾಡಿಸಿದೆ. "ಶುಗರ್ ಇದ್ರೆ ಹಂಗಾಗುತ್ತಮ್ಮ, ನರಗಳ ವೀಕ್ನೆಸ್ಸು. ಡಾಕ್ಟರ್‌ಗೆ ತೋರಿಸಿ."

ನೆನೆಸಿಕೊಂಡರೆ ಈಗಲೂ ಮೈ ಹಿಡಿಯಾಗುತ್ತದೆ. ಗ್ರೈಂಡರಿನಿಂದ ನನ್ನ ಸ್ಪೀಕರಿಗೆ ಕರೆಂಟು ಸೋರುತ್ತಿದೆ ಎಂದು ದೂರಲು ಹೋದವನ ಮುಂದೆ, ಅದೇ ಗ್ರೈಂಡರಿನಿಂದ ಕೈ ಜುಮ್ಮೆನ್ನುತ್ತದೆ ಎಂದು ಆಕೆ ಬಾಯಿಬಿಟ್ಟು ಹೇಳಿದ್ದರು. ಎರಡನ್ನೂ ಜೋಡಿಸಲು ಹೆಚ್ಚಿನ ಬುದ್ಧಿಯೇನೂ ಬೇಕಿರಲಿಲ್ಲ. ನನ್ನ ತಲೆಯ ತುಂಬ ನನ್ನ ಗುಂಯ್ ಒಂದೇ ತುಂಬಿಕೊಂಡಿತ್ತು.

ಆ ವಾರ ಅವರು ಕ್ಲಿನಿಕ್ಕಿಗೆ ಹೋಗಿಬಂದರು. ಕೈ ಜುಮ್ಮೆನ್ನುತ್ತದೆ ಎಂದಷ್ಟೇ ಹೇಳಿದ್ದಾರೆ, ನರಕ್ಕೆ ಶಕ್ತಿ ಬರಲೆಂದು ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ನಾನು ಅದೇ ವಾರ ಅಂತರ್ಜಾಲದಲ್ಲಿ ಒಂದು ಅಡ್ಡದಾರಿ ಓದಿದೆ. ಆಂಪ್ಲಿಫೈಯರಿನ ಮೂರು ಕಡ್ಡಿಯ ಪ್ಲಗ್ಗಿಗೆ ಎರಡೇ ಕಡ್ಡಿಯ ಅಡಾಪ್ಟರ್ ಸಿಕ್ಕಿಸಿ, ಅರ್ತ್ ತಂತಿಯ ಸಂಪರ್ಕ ತಪ್ಪಿಸುವುದು. ಹೀಗೆ ಮಾಡಬಾರದು, ಅಪಾಯ ಎಂದು ಅಲ್ಲೇ ಕೆಳಗೆ ಬರೆದಿತ್ತು. ನಾಲ್ಕನೇ ಬ್ಲಾಕಿನ ಅಂಗಡಿಗೆ ಹೋಗಿ ಅಡಾಪ್ಟರ್ ತಂದು ಹಾಕಿದೆ. ಗುಂಯ್ ಮಾಯವಾಯಿತು. ನಾನು ಕಣ್ಣು ಮುಚ್ಚಿಕೊಂಡು ತಂಬೂರಿ ಕೇಳಿದೆ. ಕೆಳಗಿನ ಮನೆಯ ಕಡೆಗೆ ಆಮೇಲೆ ಯೋಚನೆಯೇ ಹೋಗಲಿಲ್ಲ.

ಮುಂದಿನ ಭಾನುವಾರ ಅತ್ತೆ ಮಾವ ಬರುವವರಿದ್ದರು. ಹೆಂಡತಿ ಬೆಳಿಗ್ಗೆಯೇ ನಡುಮನೆ ಒರೆಸಿ ಜಮಖಾನವನ್ನು ಬಾಲ್ಕನಿಯಲ್ಲಿ ಹರವಿದ್ದಳು. ನಾನು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು, ಮಾವನಿಗೆ ಕೇಳಿಸಲೆಂದು ಹಾಡು ಹುಡುಕುತ್ತಾ ಡ್ಯಾಕಿನ ಲೋಹದ ಮೈ ಮುಟ್ಟಿದೆ.

ಜುಮ್ ಎಂದಿತು. ಮೊಣಕೈ ತನಕ ಹತ್ತಿತು.

ಕೆಳಗೆ ಗ್ರೈಂಡರ್ ತಿರುಗುತ್ತಿತ್ತು. ಆ ಎರಡು ಮಾತು, ಜುಮ್ ಎನ್ನುವುದು, ಮೊಣಕೈ ಗಂಟ ಎನ್ನುವುದು, ಆಗ ನನ್ನ ಕಿವಿಗೆ ಬಿದ್ದವು. ವೋಲ್ಟೇಜ್ ಅಳೆಯುವ ಮೀಟರ್ ತಂದು ಸಾಕೆಟ್ಟಿನ ಅರ್ತ್ ತೂತಿಗೂ ನ್ಯೂಟ್ರಲ್‌ಗೂ ಹಿಡಿದೆ. ಒಂದೋ ಎರಡೋ ತೋರಿಸಬೇಕಾದ ಜಾಗದಲ್ಲಿ ಅಂಕಿ ನೂರರ ಹತ್ತಿರ ಓಲಾಡುತ್ತಿತ್ತು. ಎರಡು ಮನೆಗೂ ಅರ್ತ್ ಒಂದೇ. ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸಬೇಕಾದ ತಂತಿ ಏನನ್ನೂ ಇಳಿಸದೆ, ಇದ್ದಬದ್ದ ಲೋಹಕ್ಕೆಲ್ಲ ಹಂಚುತ್ತಿತ್ತು. ನನಗೆ ತಗುಲಿದ್ದು ಚಾರ್ಜರ್, ಲ್ಯಾಪ್‌ಟಾಪ್ ಎಲ್ಲ ದಾಟಿ ಬಂದ ಪಾಲು. ಆಕೆ ಒದ್ದೆ ಕೈಯಲ್ಲಿ, ಒದ್ದೆ ನೆಲದ ಮೇಲೆ, ಮೂಲಕ್ಕೇ ಕೈ ಹಾಕುತ್ತಿದ್ದರು.

ಮೆಟ್ಟಿಲು ಹೇಗೆ ಇಳಿದೆನೋ ನೆನಪಿಲ್ಲ. "ಅಮ್ಮ, ಗ್ರೈಂಡರ್ ಮುಟ್ಬೇಡಿ!" ಎಂದು ಕೂಗುತ್ತಲೇ ಅಡುಗೆಮನೆಗೆ ನುಗ್ಗಿ ಸ್ವಿಚ್ ಆರಿಸಿ ಪ್ಲಗ್ ಕಿತ್ತೆ. ಆಕೆ ಹಿಟ್ಟಿನ ಕೈಯನ್ನು ಮೇಲಕ್ಕೆತ್ತಿಕೊಂಡು ಗಾಬರಿಯಿಂದ ನಿಂತರು.

"ತಪ್ಪಾಯ್ತು ಸಾರ್, ಭಾನ್ವಾರ ಅನ್ನೋದು ನೆಪ್ಪಿತ್ತು. ನಿಮ್ಮತ್ತೆ ಬರ್ತಾರಂತಲ್ಲ, ನಿಮ್ಮನೇಗೇ ಅಂತ ಒಂಚೂರು ಹಾಕ್ದೆ."

ನನ್ನ ಹಾಡು ಕೆಡುತ್ತದೆಂದು ನಾನು ಬೈಯಲು ಬಂದಿದ್ದೇನೆ ಎಂದುಕೊಂಡಿದ್ದರು. ಕರೆಂಟು ಹೊಡೆಯುತ್ತಿದೆ, ಮುಟ್ಟಬೇಡಿ ಎಂದಷ್ಟೇ ಹೇಳಿ ಹೊರಗೆ ಮೀಟರ್ ಬೋರ್ಡಿನ ಹತ್ತಿರ ಹೋದೆ.

ಬೋರ್ಡಿನಿಂದ ಒಂದು ದಪ್ಪ ತಂತಿ ಗೋಡೆಗುಂಟ ಕೆಳಗಿಳಿದಿತ್ತು. ಬೆರಳಿಟ್ಟುಕೊಂಡು ಅದರ ಹಿಂದೆಯೇ ಹೋದೆ. ಕಾರು ನಿಲ್ಲಿಸುವ ಜಾಗದ ಗೋಡೆಯ ಬುಡದಲ್ಲಿ ಸಾಗಿ, ತುಳಸಿ ಕುಂಡದ ಹಿಂದೆ ತಿರುಗಿ, ಮೂಲೆಯ ಒಂದು ಚಪ್ಪಟೆ ಕಲ್ಲಿನ ಅಡಿಗೆ ಹೊಕ್ಕಿತು. ಕಲ್ಲಿನ ಮೇಲೆ ಹಳೆಯ ಅರಿಸಿನ ಕುಂಕುಮದ ಕಲೆಯಿತ್ತು.

ಆ ಕಲ್ಲನ್ನು ನಾನು ಚೆನ್ನಾಗಿ ಬಲ್ಲೆ. ಹಿಂದಿನ ಬೇಸಿಗೆಯಲ್ಲಿ ಬೋರು ಬತ್ತಿ ಬೀದಿಗೆಲ್ಲ ಟ್ಯಾಂಕರ್ ಬರುತ್ತಿದ್ದಾಗ ನಾನು ನಮ್ಮ ಕಟ್ಟಡದ ನೀರಿನ ಪೊಲೀಸ್ ಆಗಿದ್ದೆ. ಯಾರ ನಲ್ಲಿ ತೊಟ್ಟಿಕ್ಕಿದರೂ ಓಡಿಹೋಗುತ್ತಿದ್ದೆ. ಅಮ್ಮ ದಿನಾ ಬೆಳಿಗ್ಗೆ ರಂಗೋಲಿ ಇಟ್ಟು, ತುಳಸಿಗೆ ನೀರು ಹಾಕಿ, ಆ ಕಲ್ಲನ್ನು ಸರಿಸಿ ಅಲ್ಲಿಗೂ ಒಂದು ಚೊಂಬು ಸುರಿಯುತ್ತಿದ್ದರು. ಹಳೇ ಊರಿನ ಯಾವುದೋ ಹೊಲದ ದೇವರಿರಬೇಕು, ಮನೆ ಕಟ್ಟಿದ ಮೇಲೂ ಬಿಟ್ಟಿಲ್ಲ ಎಂದು ನಾನು ತಿಳಿದಿದ್ದೆ. "ಅಮ್ಮ, ಕುಡಿಯೋಕೇ ನೀರಿಲ್ಲ, ಕಲ್ಲಿಗ್ಯಾಕೆ ದಂಡ ಮಾಡ್ತೀರ? ದೇವ್ರೇನೂ ಬೇಜಾರ್ ಮಾಡ್ಕೊಳಲ್ಲ" ಎಂದು ನಗುತ್ತಲೇ ಹೇಳಿದ್ದೆ. "ನಮ್ ಯಜಮಾನ್ರು ಹುಯ್ತಿದ್ರು ಸಾರ್, ಅದ್ಕೇ" ಎಂದಿದ್ದರು ಆಕೆ. ಯಾಕೆ ಹುಯ್ಯುತ್ತಿದ್ದರು ಎಂದು ನಾನು ಕೇಳಲಿಲ್ಲ. ಮಾರನೆಯ ದಿನದಿಂದ ಚೊಂಬು ತುಳಸಿಗೇ ನಿಂತುಹೋಯಿತು.

ಕಲ್ಲು ಎತ್ತಿದೆ. ಅಡಿಯಲ್ಲಿ ಕಬ್ಬಿಣದ ಕೊಳವೆ, ಸುತ್ತ ಇದ್ದಿಲು, ಬಿರುಕುಬಿಟ್ಟ ಮಣ್ಣು, ಇರುವೆ ಗೂಡು. ಅರ್ತಿನ ಗುಂಡಿ. ಉಪ್ಪು, ಇದ್ದಿಲು ಹಾಕಿ ತೇವ ಆರದಂತೆ ನೋಡಿಕೊಂಡರೆ ಮಾತ್ರ ಅದು ಕರೆಂಟನ್ನು ಭೂಮಿಗೆ ಇಳಿಸುತ್ತದೆ. ಮೇಲೆ ಶೀಟು, ಸುತ್ತ ಟೈಲ್ಸು ಇರುವುದರಿಂದ ಮಳೆಗಾಲದ ಒಂದು ಹನಿಯೂ ಅಲ್ಲಿಗೆ ತಲುಪಿರಲಿಲ್ಲ. ಅದಕ್ಕೆ ಇದ್ದದ್ದು ಆ ಒಂದು ಚೊಂಬು ನೀರು.

ನಾನು ತುಳಸಿಯ ಹತ್ತಿರವಿದ್ದ ಚೊಂಬನ್ನೇ ತುಂಬಿಸಿ ತಂದು ಬಗ್ಗಿದೆ. ಹಿಂದಿನಿಂದ ಅಮ್ಮನ ದನಿ ಬಂತು.

"ಬ್ಯಾಡ ಸಾರ್, ನೀರು ದಂಡ ಆಯ್ತದೆ."

ಅದರಲ್ಲಿ ಕೊಂಕು ಒಂದಿಷ್ಟೂ ಇರಲಿಲ್ಲ. ನಾನು ಕಲಿಸಿದ್ದನ್ನು ನನಗೆ ನೆನಪಿಸಿದರು, ಅಷ್ಟೆ. ಆಕೆಯ ಮುಖ ನೋಡಲಾಗದೆ ಕೊಳವೆಯನ್ನೇ ನೋಡುತ್ತಾ ಎಲ್ಲ ಹೇಳಿದೆ. ಇದು ದೇವರಲ್ಲ, ಯಜಮಾನರು ಕರೆಂಟಿಗಾಗಿ ನೀರು ಹಾಕುತ್ತಿದ್ದರು, ಒಣಗಿದ್ದರಿಂದಲೇ ಗ್ರೈಂಡರ್ ಕೈಗೆ ಹೊಡೆಯುತ್ತಿತ್ತು ಎಂದೆ. "ನಿಮ್ ಕೈಗೆ ಏನೂ ಆಗಿಲ್ಲಮ್ಮ. ಆ ಮಾತ್ರೆ ಬೇಕಾ ಅಂತ ಡಾಕ್ಟರ್‌ನ ಇನ್ನೊಂದ್ಸಲ ಕೇಳಣ, ನಾನೂ ಬರ್ತೀನಿ."

ಅವರು ಹಿಟ್ಟು ಒಣಗುತ್ತಿದ್ದ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡರು.

"ನೀವಂದಿದ್ರಿ ಸಾರ್, ದೇವ್ರು ಬೇಜಾರ್ ಮಾಡ್ಕಳಲ್ಲ ಅಂತ. ಸರಿ ಅಂತ ಬಿಟ್ಟೆ. ಆಮ್ಯಾಕೆ ಕೈ ಹಿಂಗಾಯ್ತಲ್ಲ. ದೇವ್ರು ಮಾಡ್ಕಳ್ದಿದ್ರೂ ಇವ್ರು ಬೇಜಾರ್ ಮಾಡ್ಕಂಡ್ರು ಅನ್ಕಂಡೆ. ಅವ್ರು ಮಾಡ್ತಿದ್ದುದ್ರಲ್ಲಿ ಅದೊಂದೇ ನಾನು ಉಳಿಸ್ಕಂಡಿದ್ದು. ಅದ್ನೂ ನಿಲ್ಲುಸ್ಬುಟ್ಟೆ ಅಂತ ದಿನಾ ಅವ್ರ ಫೋಟೋ ಮುಂದೆ ತಪ್ಪಾಯ್ತು ಅಂತಿದ್ದೆ."

"ಅಮ್ಮ, ನಿಲ್ಸಿದ್ದು ನೀವಲ್ಲ. ನಾನು."

"ನೀವು ಬಾಯಲ್ಲಿ ಅಂದ್ರಿ ಅಷ್ಟೇಯ. ಕೇಳಿದ್ದು ನಾನೇ ಅಲ್ವಾ?"

ಅದೇ ದಿನ ಎಲೆಕ್ಟ್ರಿಷಿಯನ್ ಬಂದು ಗ್ರೈಂಡರ್ ಬಿಚ್ಚಿಕೊಂಡು ಹೋದ. ಕರೆಂಟು ಸೋರಿದರೆ ತಾನೇ ಆರಿಹೋಗುವ ಸ್ವಿಚ್ಚನ್ನು ಎರಡೂ ಮನೆಗೆ ಹಾಕಿಸಿದೆವು, ಗುಂಡಿಗೆ ಹೊಸ ಇದ್ದಿಲು, ಉಪ್ಪು ತುಂಬಿಸಿದೆವು. ಎರಡು ಕಡ್ಡಿಯ ಅಡಾಪ್ಟರನ್ನು ಕಸಕ್ಕೆ ಹಾಕಿದೆ. ಈಗಲೂ ಆಲಾಪದ ನಡುವೆ ಸಣ್ಣದೊಂದು ಗುಂಯ್ ಉಳಿದಿದೆ. ಅದರ ಬೆನ್ನು ಹತ್ತುವ ಮನಸ್ಸು ನನಗಿಲ್ಲ.

ಅವತ್ತು ಗುಂಡಿಯ ಪಕ್ಕದಲ್ಲಿ ನಾನು ಇನ್ನೂ ಏನೋ ಹೇಳಲು ಹೊರಟಾಗ ಅಮ್ಮ ನನ್ನ ಕೈಯಿಂದ ಚೊಂಬು ತೆಗೆದುಕೊಂಡರು. "ಈಚೆ ಬನ್ನಿ ಸಾರ್, ಅದು ನನ್ ಕೆಲ್ಸ" ಎಂದು ಕೂತು, ನಿಧಾನವಾಗಿ ಕೊಳವೆಗೆ ನೀರು ಬಿಟ್ಟರು. ಒಣಗಿದ ಮಣ್ಣು ಸದ್ದು ಮಾಡುತ್ತಾ ಕುಡಿಯಿತು. ಅವರು ಬಗ್ಗಿದ ತಲೆ ಎತ್ತದೆ, ನನಗಲ್ಲ, ಕೆಳಗೆ ಆ ಕೊಳವೆಯ ಬಾಯಿಗೆ, "ತಪ್ಪಾಯ್ತು ಕಣ್ರೀ" ಎಂದರು. ಆ ಮಾತನ್ನು ಹೇಳಬೇಕಾಗಿದ್ದವನು ನಾನು, ಪಕ್ಕದಲ್ಲಿ ಬರಿಗೈಯಲ್ಲಿ ನಿಂತಿದ್ದೆ.