ಕಲ್ಲು ಮೇಡಂ ಮೇಜಿಗೆ ಬಂದ ಅತ್ತೆ

ಭೂವಿಜ್ಞಾನ ಇಲಾಖೆಯ ಕಚೇರಿಯಲ್ಲಿ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಒಂದು ಮೇಜು ಹಾಕಿದ್ದರು. ಜನ ತಂದ ಕಲ್ಲನ್ನು ನೋಡಿ ಅದು ಏನೆಂದು ಹೇಳುವ ಮೇಜು ಅದು. ಅಲ್ಲಿ ಕೂರುವವಳನ್ನು ಎಲ್ಲರೂ ಕಲ್ಲು ಮೇಡಂ ಎನ್ನುತ್ತಿದ್ದರು. ಭೂವಿಜ್ಞಾನ ಓದಿ, ಬೆಟ್ಟಗುಡ್ಡ ಸುತ್ತಿ, ಮೊಣಕಾಲು ಕೈಕೊಟ್ಟ ಮೇಲೆ ಈ ಸಂದಿಗೆ ಬಂದವಳು. ಬೇರೆಯವರಾಗಿದ್ದರೆ ಮುಖ ಗಂಟಿಕ್ಕಿಕೊಳ್ಳುತ್ತಿದ್ದರು. ಇವಳಿಗೆ ಜಾಗ ಹಿಡಿಸಿತು. ಆಕಾಶದಿಂದ ಬಿದ್ದದ್ದು ಎಂದು ಜನ ತರುತ್ತಿದ್ದುದು ಬಹುಮಟ್ಟಿಗೆ ಕುಲುಮೆಯ ಕಿಟ್ಟ. ವಜ್ರವೆಂದು ಕರವಸ್ತ್ರ ಬಿಚ್ಚಿದರೆ ಒಳಗೆ ಬೆಣಚುಕಲ್ಲು. ಯಾರ ಮನಸ್ಸೂ ನೋಯದಂತೆ "ಅಲ್ಲ" ಎನ್ನುವುದು ಅವಳಿಗೆ ಕರಗತವಾಗಿತ್ತು.

ಜೀವನವಿಡೀ ಬಟ್ಟೆ ಹೊಲಿದ ಅವಳ ಅತ್ತೆಗೆ ಮಾತ್ರ ಈ ಕೆಲಸದ ತಲೆಬುಡ ಅರ್ಥವಾಗಿರಲಿಲ್ಲ.

"ನಾನು ಹೊಲಿದಿದ್ದನ್ನ ಜನ ಹಾಕ್ಕೊಂಡು ಓಡಾಡ್ತಾರೆ. ನೀನು ನೋಡಿದ ಕಲ್ಲನ್ನ ಏನು ಮಾಡ್ತಾರೆ?"

"ವಾಪಸ್ ತಗೊಂಡು ಹೋಗ್ತಾರೆ ಅತ್ತೆ."

ಒಂದು ದಿನ ಸೊಸೆ ಊಟದ ಡಬ್ಬಿ ಮರೆತು ಹೋದಳು. ಅತ್ತೆ ಅದನ್ನು ಹಿಡಿದು ಕಚೇರಿಗೆ ಬಂದ ಹೊತ್ತಿಗೇ ಒಬ್ಬ ಲಾರಿ ಚಾಲಕ ಹೆಗಲ ಮೇಲಿನ ಚೀಲವನ್ನು ಮೇಜಿನ ಮೇಲೆ ಇಳಿಸಿದ.

"ಮೇಡಂ, ಬಾಗಿಲು ಹಾಕಿ," ಎಂದ ಪಿಸುದನಿಯಲ್ಲಿ.

"ಇಲ್ಲಿ ಬಾಗಿಲೇ ಇಲ್ಲ."

ಅವನು ಮುದುಕಿಯನ್ನು ಅನುಮಾನದಿಂದ ನೋಡಿದ.

"ನಮ್ಮತ್ತೆ. ಯಾರ ಹತ್ರನೂ ಬಾಯಿ ಬಿಡಲ್ಲ," ಎಂದಳು ಸೊಸೆ. ಅದು ಹಸಿ ಸುಳ್ಳು.

ಚೀಲದ ತುಂಬ ಹಳದಿಯಾಗಿ ಮಿರಿಮಿರಿ ಮಿಂಚುವ ಕಲ್ಲುಗಳು. ಕಲ್ಲು ಮೇಡಂ ಒಂದನ್ನು ತೆಗೆದು, ಹೊಳಪಿಲ್ಲದ ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಎಳೆದಳು. ಕಪ್ಪು ಗೆರೆ ಬಿತ್ತು.

"ಚಿನ್ನ ಆಗಿದ್ರೆ ಗೆರೆನೂ ಹಳದಿಯಾಗೇ ಇರ್ತಿತ್ತು ಅಣ್ಣ. ಇದು ಕಬ್ಬಿಣ, ಗಂಧಕ ಸೇರಿ ಆಗಿರೋ ಖನಿಜ."

ಚಾಲಕ ಕುರ್ಚಿಯಲ್ಲಿ ಕುಸಿದ. "ಬೀದಿಗೆಲ್ಲ ಹೇಳಿಬಿಟ್ಟಿದೀನಿ. ನನ್ನ ಹೆಂಡ್ತಿ ಅವಳ ಅಕ್ಕನ ಜೊತೆ ಮಾತು ಬಿಟ್ಟಿದ್ಲು. ಚಿನ್ನ ಸಿಕ್ಕಿದೆ ಅಂತ ಹೊಟ್ಟೆ ಉರಿಸೋಕೇ ಫೋನ್ ಮಾಡಿದಾಳೆ."

"ಅಂತೂ ಮಾತು ಶುರುವಾಯ್ತಲ್ಲ," ಎಂದಳು ಅತ್ತೆ. ಅವಳ ಕೈಯಲ್ಲಿ ಹಾವು-ಏಣಿ ಆಟದ ದಾಳದಂಥ ಒಂದು ಚೌಕ ಕಲ್ಲಿತ್ತು. ಬೆರಳಿನಿಂದ ಅದರ ಅಂಚು ಸವರುತ್ತ, "ಇದನ್ನ ಯಾರು ಕತ್ತರಿಸಿದ್ದು? ನನ್ನ ಕತ್ತರಿಗೂ ಇಷ್ಟು ನೇರ ಬರ್ತಿರಲಿಲ್ಲ," ಎಂದಳು.

"ಯಾರೂ ಕತ್ತರಿಸಿಲ್ಲ ಅತ್ತೆ. ನೆಲದ ಆಳದಲ್ಲಿ ಬಂಡೆ ಬಿರುಕಿನೊಳಗೆ ಬಿಸಿನೀರು ಹರೀತಿರುತ್ತೆ. ಅದು ತಣ್ಣಗಾಗ್ತಾ, ಕರಗಿದ್ದೆಲ್ಲ ಕಣ ಕಣವಾಗಿ ಕೂರುತ್ತೆ. ಕಣಗಳು ಸಾಲಾಗಿ ಕೂತಿದ್ದಕ್ಕೇ ಈ ಆಕಾರ."

"ಹಾಗಾದ್ರೆ ಕಲ್ಲು ಬೆಳೆಯುತ್ತೆ ಅನ್ನು."

"ಗಿಡದ ಹಾಗಲ್ಲ. ಆದ್ರೆ ಇದು ಬೆಳೆದಿದ್ದೇ."

ಚಾಲಕ ತಲೆಯೆತ್ತಿದ. "ಕಬ್ಬಿಣ ಇದೆ ಅಂದ್ರಿ. ಅಂದ್ರೆ ಇದು ಅದಿರಾ?"

"ಲೋಹ ಇದ್ರೆ ಸಾಲದು. ತೆಗೆಯೋ ಖರ್ಚು ಕಳೆದು ಲಾಭ ಉಳಿದ್ರೆ ಅದಿರು ಅಂತಾರೆ."

"ದರ್ಜಿ ಅಂಗಡಿ ಚಿಂದಿಯಲ್ಲೂ ಬಟ್ಟೆ ಇರುತ್ತೆ ಕಣಪ್ಪ," ಎಂದಳು ಅತ್ತೆ. "ಅದರಲ್ಲಿ ಅಂಗಿ ಹೊಲಿಯೋಕಾಗುತ್ತಾ?"

ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಅದನ್ನು ಇಷ್ಟು ಸಲೀಸಾಗಿ ಹೇಳಲು ತನಗೇ ಆಗಿರಲಿಲ್ಲ. ಚಾಲಕನಿಗೆ ನಗು ಬಂತು. ಆ ಚೌಕ ಕಲ್ಲನ್ನು ಅಜ್ಜಿಗೇ ಬಿಟ್ಟು, ಚೀಲ ಹೊತ್ತು ಹೊರಟ.

ಮರುವಾರ ಅವನ ಬೀದಿಗೆ ಬೀದಿಯೇ ಬಂದಿತು. "ನಾನು ಹೇಳಿದ್ರೆ ಯಾರೂ ನಂಬಲಿಲ್ಲ ಮೇಡಂ, ನೀವೇ ಹೇಳಿ," ಎಂದ ಚಾಲಕ. ಹಿಂದೆ ಹೆಂಡತಿ, ಅವಳ ಅಕ್ಕ, ಅಕ್ಕಪಕ್ಕದವರು, ಎಲ್ಲರ ಕೈಯಲ್ಲೂ ತಮ್ಮ ತಮ್ಮ ಕಲ್ಲು. ಆ ಹೊತ್ತಿಗಾಗಲೇ ಯಾರೂ ಡಬ್ಬಿ ಮರೆಯದಿದ್ದರೂ ಅತ್ತೆ ದಿನಾ ಕಚೇರಿಗೆ ಬರತೊಡಗಿದ್ದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ ಸಾಲು ನಿಲ್ಲಿಸಿದಳು.

ಗದ್ದಲ ಕೇಳಿ ಮೇಲಿನ ಅಧಿಕಾರಿ ಇಳಿದು ಬಂದರು. "ಇವರು ಯಾವ ವಿಭಾಗದವರು?" ಎಂದರು ಅತ್ತೆಯನ್ನು ತೋರಿಸಿ.

"ನಮ್ಮತ್ತೆ ಸರ್."

ಅವರು ಮುಂದೇನೋ ಹೇಳುವಷ್ಟರಲ್ಲಿ ಚಾಲಕನ ಹೆಂಡತಿಯ ಅಕ್ಕ ಒಂದು ಪುಟ್ಟ ಸೀಸೆಯನ್ನು ಮೇಜಿನ ಮೇಲಿಟ್ಟಳು. ಒಳಗೆ ಕಂದು ಬಣ್ಣದ ಹರಳು.

"ಇದೆಲ್ಲಿ ಸಿಕ್ತು?" ಎಂದಳು ಕಲ್ಲು ಮೇಡಂ.

"ನಮ್ಮನೆಯವರ ಕಿಡ್ನಿಯಲ್ಲಿ. ಡಾಕ್ಟರು ಕೊಟ್ಟರು."

ಸಾಲಿಗೆ ಸಾಲೇ ನಕ್ಕಿತು. ಅಧಿಕಾರಿ ನಗು ತಡೆಯಲಾಗದೆ ಗೋಡೆಗೆ ತಿರುಗಿ ನಿಂತರು. ಕಲ್ಲು ಮೇಡಂ ಮಾತ್ರ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದೂ ನೀರಲ್ಲಿ ಕರಗಿದ್ದು ಕೂತು ಬೆಳೆದಿದ್ದೇ. ಹರಳು ಚೆನ್ನಾಗಿ ಕಟ್ಟಿದೆ," ಎಂದಳು. ಗಂಡನ ಸಾಧನೆಗೆ ಆ ಅಕ್ಕ ಹಿಗ್ಗಿದಳು.

ಅಧಿಕಾರಿ ಆ ಮೇಜನ್ನು ಮುಂದಿನ ಹಜಾರದ ಕಿಟಕಿ ಪಕ್ಕ ಹಾಕಿಸಿದರು. ಬಂದವರು ಕೂರಲೆಂದು ಒಂದು ಬೆಂಚನ್ನೂ ಕೊಟ್ಟರು. ಮೊದಲೆಲ್ಲ ಮನೆಯಲ್ಲಿ ಅಡುಗೆಯ ಉಪ್ಪಿನ ವಿಷಯ ಬಿಟ್ಟರೆ ಹೆಚ್ಚು ಮಾತಿರದ ಅತ್ತೆ ಸೊಸೆ, ಸಂಜೆ ಬಸ್ಸಿನಲ್ಲಿ ಕಟ್ಟಡಗಳ ಗೋಡೆ ನೋಡುತ್ತ ಬರುವುದು ರೂಢಿಯಾಯಿತು.

"ಅದು ಅಮೃತಶಿಲೆ."

"ಅಲ್ಲ ಅತ್ತೆ, ಗ್ರಾನೈಟು. ಚುಕ್ಕೆ ನೋಡಿ."

"ಈ ಕಣ್ಣಿಂದಲೇ ಸೂಜಿಗೆ ದಾರ ಪೋಣಿಸಿದೀನಿ ಕಣೆ, ನನಗೆ ಚುಕ್ಕೆ ತೋರಿಸ್ತೀಯಾ?"

ವಾದ ಮುಗಿಯುವುದರೊಳಗೆ ಅವರ ಸ್ಟಾಪು ಹಿಂದೆ ಉಳಿದಿರುತ್ತಿತ್ತು. ಇಬ್ಬರೂ ಇಳಿದು, ದಾರಿಯ ಪಕ್ಕದ ಜಲ್ಲಿ ರಾಶಿಯ ಬಳಿ ಕೊಂಚ ಹೊತ್ತು ನಿಂತು, ನಿಧಾನವಾಗಿ ನಡೆದು ಬರುತ್ತಿದ್ದರು.