ರಾಜಣ್ಣನ ಪ್ಲಾಸ್ಟಿಕ್ ಕ್ರ್ಯಾಂಕ್ ಶಾಫ್ಟ್

ತಿಪಟೂರಿನ ಆಟಿಕೆ ಅಂಗಡಿಯಲ್ಲಿ ರಾಜಣ್ಣ ಪ್ಲಾಸ್ಟಿಕ್ ಇಟ್ಟಿಗೆಗಳ ದೊಡ್ಡ ಡಬ್ಬಿ ಕೇಳಿದಾಗ, ಅಂಗಡಿಯ ಪುಷ್ಪಲತಾ, "ಮಗೀಗೆ ಎಷ್ಟು ವರ್ಷ ಅಣ್ಣಾ?" ಅಂದಳು.

"ಐವತ್ತೇಳು ತುಂಬ್ತು ಕಣಮ್ಮ," ಅಂದ. ಅವನು ಸುಳ್ಳು ಹೇಳುವವನಲ್ಲ.

ಅರಳಗುಪ್ಪೆಯ ರಾಜಣ್ಣ ಮೂವತ್ತು ವರ್ಷ ಪಂಪ್‌ಸೆಟ್ ಇಂಜಿನ್ ಬಿಚ್ಚಿ ಜೋಡಿಸಿದವನು. ಬಿಚ್ಚಿದ್ದರಲ್ಲಿ ಮುಕ್ಕಾಲು ಪಾಲು ಮತ್ತೆ ಜೋಡಣೆಯೂ ಆಗಿತ್ತು. ಹೆಂಡತಿ ವನಜಾಕ್ಷಿ ಅಷ್ಟೇ ವರ್ಷ ಮಚ್ಚು ಹಿಡಿದು, ಅಟ್ಟದಲ್ಲಿ ಒಣಗಿದ ಕಾಯಿಯ ಚಿಪ್ಪು ಒಡೆದು, ಒಳಗಿನ ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆದವಳು. ಈಗ ಅವಳ ಬಲ ಮಣಿಕಟ್ಟು ಊದಿ, ಕೈಯಲ್ಲಿ ಕಾಫಿ ಲೋಟವೂ ನಿಲ್ಲುತ್ತಿರಲಿಲ್ಲ. ಇನ್ನೊಂದು ವರ್ಷ ಮಚ್ಚು ಹಿಡಿದರೆ ಆ ಕೈ ಯಾವ ಕೆಲಸಕ್ಕೂ ಬಾರದು ಎಂದಿದ್ದರು ಡಾಕ್ಟರು. ಅವಳು ಕೇಳುವವಳಲ್ಲ. ಅಟ್ಟವೋ ತುಂಬಿತ್ತು.

ಅದಕ್ಕೇ ರಾಜಣ್ಣ ಕಾಯಿ ಒಡೆಯುವ ಯಂತ್ರವೊಂದನ್ನು ಕಟ್ಟಹೊರಟಿದ್ದ. ಹ್ಯಾಂಡಲ್ ತಿರುಗಿಸಿದರೆ ಡೊಂಕು ಕ್ರ್ಯಾಂಕ್ ಶಾಫ್ಟು ತಿರುಗಿ, ಸುತ್ತಿಗೆ ಏರಿಳಿದು ಚಿಪ್ಪು ಒಡೆಯಬೇಕು. ಕಬ್ಬಿಣದಲ್ಲಿ ತಪ್ಪು ಮಾಡಿದರೆ ಊರಿಗೆಲ್ಲ ಕೇಳಿಸುತ್ತದೆಂದು ಮೊದಲು ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಪುಟ್ಟದಾಗಿ ಮಾಡಿದ. ಮೊದಲನೆಯ ಶಾಫ್ಟಿನಲ್ಲಿ ಸುತ್ತಿಗೆ ಮೇಲೇರಿ, ಬಸ್ಸಿನಲ್ಲಿ ಸೀಟು ಸಿಕ್ಕವನ ಹಾಗೆ ಅಲ್ಲೇ ಕೂತಿತು. ಶಾಫ್ಟಿನ ಎದುರು ಬದಿಗೆ ನಾಲ್ಕು ಇಟ್ಟಿಗೆ ಭಾರ ಕೊಟ್ಟ, ಇಳಿಯಿತು. ಆದರೆ ತೆಂಗಿನಕಾಯಿಯ ಬದಲು ಇಟ್ಟ ಕಡಲೆಕಾಯಿಗಳ ಗಾತ್ರ ನೋಡದೆ ಎಲ್ಲಕ್ಕೂ ಒಂದೇ ಏಟು. ಶಾಫ್ಟಿಗೂ ಸುತ್ತಿಗೆಗೂ ನಡುವಿನ ಕನೆಕ್ಟಿಂಗ್ ರಾಡಿಗೆ ವನಜಾಕ್ಷಿಯ ಜಡೆಯ ರಬ್ಬರು ಸುತ್ತಿದ ಮೇಲೆ ಏಟು ಹದವಾಯಿತು. ಮತ್ತೊಂದು ಕಡಲೆಕಾಯಿ ಇಟ್ಟು ತಿರುಗಿಸಿದ. ಸಿಪ್ಪೆ ಬಿರಿಯಿತು, ಬೀಜ ಇಡಿಯಾಗಿತ್ತು.

"ಇಷ್ಟಕ್ಕೆ ನನ್ ಹಲ್ಲೇ ಸಾಕಾಗಿತ್ತಲ್ರೀ," ಅಂದಳು ವನಜಾಕ್ಷಿ.

"ನಗು ಕಣೇ. ನಿನ್ ಮಚ್ಚು ಇನ್ಮೇಲೆ ಮೂಲೆಗೆ."

ತಿಂಗಳಾದ ಮೇಲೆ ಅದನ್ನೇ ಕಬ್ಬಿಣದಲ್ಲಿ ಕಟ್ಟಿ, ರಬ್ಬರಿನ ಜಾಗಕ್ಕೆ ಸ್ಪ್ರಿಂಗ್ ಹಾಕಿದ. ಕಾಯಿ ಉರುಳದಿರಲೆಂದು, ಮನೆಯಲ್ಲಿ ಗಡಿಗೆ ಕೂರಿಸುವಂತೆ, ತೆಂಗಿನ ನಾರಿನ ಸಿಂಬೆಯ ಮೇಲೆ ಇಟ್ಟ. ಚಿಪ್ಪು ಬಿರಿಯಿತು, ಕೊಬ್ಬರಿಯೂ ಎರಡು ಹೋಳು. ಎರಡನೆಯದೂ ಹಾಗೇ. ಹೀಗೇ ಏಳು ಕಾಯಿ ಆಯಿತು.

ವನಜಾಕ್ಷಿ ಒಂದು ಹೋಳನ್ನು ಎತ್ತಿ ನೋಡಿದಳು. "ಒಂದೇ ಕಡೆ ಕುಟ್ತೈತೆ. ಏಟ್ಗೊಂದ್ಸಲ ಕಾಯಿ ತಿರುಗ್ಬೇಕಲ್ವ್ರಾ?"

ಅಂದು ಕಡಲೆಕಾಯಿ ಏಟಿಗೊಮ್ಮೆ ತಾನಾಗಿ ಉರುಳಿಕೊಂಡಿತ್ತು. ಹೆಂಡತಿಯ ಎಡಗೈ ಕಾಯಿ ತಿರುಗಿಸುವುದನ್ನು ಮೂವತ್ತು ವರ್ಷ ಎದುರಿಗೇ ಕೂತು ಕಾಫಿ ಕುಡಿಯುತ್ತ ನೋಡಿದವನಿಗೆ ಅದು ಕಂಡೇ ಇರಲಿಲ್ಲ. ಕಾಯಿಯೂ ಉರುಳಲೆಂದು ಸಿಂಬೆ ತೆಗೆದ. ಏಟಿಗೆ ಕಾಯಿ ಚಿಮ್ಮಿ ಗೋಡೆಗೆ ಬಡಿಯಿತು.

"ತಡೀರಿ," ಎಂದು ವನಜಾಕ್ಷಿ ಸುತ್ತಿಗೆಯ ಕೆಳಗೆ ಇನ್ನೊಂದು ಕಾಯಿಟ್ಟು, ಎಡಗೈಯಲ್ಲಿ ಹಿಡಿದಳು. "ಈ ಕೈ ಸರ್ಯಾಗೈತೆ. ನಾನ್ ತಿರುಗುಸ್ತೀನಿ, ನೀವ್ ಹ್ಯಾಂಡ್ಲು ತಿರುಗ್ಸಿ."

ಅವಳ ಬೆರಳಿಗೂ ಸುತ್ತಿಗೆಗೂ ಗೇಣು ಅಂತರ. ಅವನ ಕೈ ಏಳಲಿಲ್ಲ.

"ತಿರುಗ್ಸಿ ಅಂದೆ."

"ಕೈ ತೆಗಿ ಕಣೇ."

"ತೆಗುದ್ರೆ ಒಡ್ಯೋರ್ಯಾರು? ಅಟ್ಟದ್ ಮೇಲಿರೋದೆಲ್ಲ ನಾನೇ ತಾನೆ ಒಡೀಬೇಕು?" ಎಂದು ಊದಿದ ಬಲಗೈಯನ್ನು ಮಚ್ಚಿನತ್ತ ಚಾಚಿದಳು.

ರಾಜಣ್ಣ ಅವಳಿಗಿಂತ ಮೊದಲೇ ಮಚ್ಚನ್ನು ಎತ್ತಿಕೊಂಡು ನೆಲಕ್ಕೆ ಕೂತ. ಕಾಯಿ ಹಿಡಿದು ಹೊಡೆದ, ತಿರುಗಿಸಿದ, ಹೊಡೆದ.

"ಮೆತ್ಗೆ," ಅಂದಳು ಅವಳು. ಅಷ್ಟರಲ್ಲಿ ಕೊಬ್ಬರಿ ಎರಡಾಗಿತ್ತು.

ವನಜಾಕ್ಷಿ ಕಾಲಲ್ಲಿ ಇನ್ನೊಂದು ಕಾಯಿಯನ್ನು ಅವನತ್ತ ಉರುಳಿಸಿದಳು.