ನೂಲಿನ ಗೋದಾಮಿಗೆ ಹಾಕಿಸಿದ ಸೂರು

ಎಪ್ಪತ್ತರ ದಶಕದ ನಡುವಿನ ಮಾತು. ದೊಡ್ಡಬಳ್ಳಾಪುರದಲ್ಲಿ ನೇಕಾರರ ಸಂಘವೊಂದರ ನೂಲಿನ ಗೋದಾಮು ನನ್ನ ಸುಪರ್ದಿಯಲ್ಲಿತ್ತು. ಲಾರಿಯಿಂದ ಮೂಟೆ ಇಳಿಸುವ ಕಟ್ಟೆಗೆ ಮೇಲೆ ಏನೂ ಇರಲಿಲ್ಲ. ಲಾರಿಗೂ ಬಾಗಿಲಿಗೂ ಹತ್ತೇ ಹೆಜ್ಜೆ. ಮಳೆ ಹಿಡಿದರೆ ಆ ಹತ್ತು ಹೆಜ್ಜೆಯಲ್ಲೇ ಮೂಟೆ ನೆನೆಯುತ್ತಿತ್ತು. ನೂಲು ಮುಗ್ಗಲು ಹಿಡಿದು ಕಲೆಯಾಯಿತೆಂದು ನೇಕಾರರು ಬಂದು ನನ್ನ ಮೇಲೆ ರೇಗುತ್ತಿದ್ದರು. ಅವರದೂ ತಪ್ಪಲ್ಲ.

ಕೊನೆಗೊಂದು ದಿನ ಸಂಘದ ಅಧ್ಯಕ್ಷರು, "ಅಲ್ಲೊಂದು ಸೂರು ಹಾಕ್ಸೋಣ ಕಣ್ರೀ. ನಾಲ್ಕು ಕಡೆ ನೋಡ್ಕೊಂಡು ಬಂದು, ಎಂಥದ್ದು ಬೇಕು ಅಂತ ಹೇಳಿ" ಎಂದರು.

ಆ ಬೇಸಗೆಯೆಲ್ಲ ಬಸ್ಸು ಹತ್ತಿ ಇಳಿದೇ ಸುಸ್ತಾದೆ. ಹೊಸಕೋಟೆಯ ಮಂಡಿಯೊಂದರಲ್ಲಿ ಸೂರು ತೀರಾ ತಗ್ಗು. ಲಾರಿಗಳು ತಾಗಿ ತಗಡಿನ ಅಂಚೆಲ್ಲ ಮುರುಟಿತ್ತು. ನೆಲಮಂಗಲದ ಗೊಬ್ಬರದ ಗೋದಾಮಿನಲ್ಲಿ ಬರೀ ಟಾರ್ಪಾಲು ಕಟ್ಟಿದ್ದರು. ಗಾಳಿಗೆ ಹರಿದು ಜೋತಾಡುತ್ತಿತ್ತು. ನೋಡಿದಷ್ಟೂ ತಲೆ ಕೆಟ್ಟಿತೇ ಹೊರತು ಯಾವುದು ಒಳ್ಳೆಯದೆಂದು ತಿಳಿಯಲಿಲ್ಲ. ಕೊನೆಗೆ ನಮ್ಮ ಹಮಾಲರ ಮೇಸ್ತ್ರಿಯನ್ನೇ ಕೇಳಿದೆ. ಐವತ್ತು ದಾಟಿದವನು, ಆ ಕಟ್ಟೆಯ ಮೇಲೆಯೇ ಮೂಟೆ ಹೊತ್ತು ಬೆನ್ನು ಬಗ್ಗಿದವನು.

"ಎಷ್ಟು ದೊಡ್ಡ ತಗಡು ಹಾಕಿದ್ರೂ ಅಷ್ಟೇ ಸ್ವಾಮಿ. ಇಲ್ಲಿ ಮಳೆ ನೆಟ್ಟಗೆ ಎಲ್ಲಿ ಬೀಳ್ತದೆ? ಮೂಡಲ ಕಡೆಯಿಂದ ಓರೆಯಾಗಿ ಹೊಡೀತದೆ. ಸೂರು ಚಿಕ್ಕದಾದ್ರೂ ಪರ್ವಾಗಿಲ್ಲ, ಆ ಪಕ್ಕಕ್ಕೊಂದು ಮರೆ ಕಟ್ಸಿ. ಇಲ್ದಿದ್ರೆ ಕಟ್ಟೆ ನೆಂದು ನಾವು ಜಾರ್ತೀವಿ."

ಸಭೆಯಲ್ಲಿ ಎಲ್ಲರಿಗೂ ಬೇಕಾಗಿದ್ದು ರಸ್ತೆಗೆ ಕಾಣುವಂಥ ಎತ್ತರದ ತಗಡಿನ ಸೂರು. ಲಾರಿಯೂ ತಾಗುವುದಿಲ್ಲ, ನೋಡಲೂ ಚೆಂದ ಎಂದರು. ಮೇಸ್ತ್ರಿಯ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಇನ್ನೊಂದು ಸುತ್ತು ಅಲೆದಾಟ, ಇನ್ನೊಂದು ಸಭೆ. ಸಾಕಾಗಿತ್ತು. "ನಿಮ್ಮ ಅಭಿಪ್ರಾಯ ಏನ್ರೀ?" ಎಂದು ಅಧ್ಯಕ್ಷರು ಕೇಳಿದಾಗ, "ಆಗಬಹುದು" ಎಂದುಬಿಟ್ಟೆ.

ಸೂರು ಬಂತು. ಬಿಸಿಲಿದ್ದ ದಿನ ಒಳ್ಳೆಯ ನೆರಳೂ ಕೊಟ್ಟಿತು. ಆಶ್ವಯುಜದ ಒಂದು ಮಧ್ಯಾಹ್ನ ಎರಡು ಲಾರಿ ಒಟ್ಟಿಗೆ ನಿಂತಿದ್ದಾಗ ಮಳೆ ಮೂಡಲಿಂದ ನುಗ್ಗಿತು. ಅಷ್ಟೆತ್ತರದ ತಗಡಿನ ಕೆಳಗೆ ಕಟ್ಟೆ ಪೂರಾ ನೆಂದುಹೋಯಿತು. ಮೇಸ್ತ್ರಿ ಜಾರಿ ಬಿದ್ದ. ಹೊತ್ತಿದ್ದ ಮೂಟೆ ಅವನ ಕಾಲಿನ ಮೇಲೆಯೇ ಬಿತ್ತು. ಮೂಳೆ ಮುರಿದಿತ್ತು.

ಮಾರನೆಯ ವಾರ ಅವನ ಮನೆಗೆ ಹೋದೆ. ಪಟ್ಟಿ ಕಟ್ಟಿದ ಕಾಲು ಚಾಚಿ ಗೋಡೆಗೊರಗಿ ಕೂತಿದ್ದವನು, ನನ್ನ ಮುಖ ನೋಡಿ ತಾನೇ ಸಮಾಧಾನ ಹೇಳಿದ: "ಅವತ್ತು ನಾನು ಹೇಳಿದ್ದು ಸಭೇಲಿ ನಿಮಗೆ ಮರ್ತೋಯ್ತೇನೋ, ಬಿಡಿ ಸ್ವಾಮಿ. ನೂರೆಂಟು ಕೆಲ್ಸ ನಿಮ್ಗೆ."

ನಾನು ಹೂಂ ಎಂದು ತಲೆಯಾಡಿಸಿದೆ. ಅವನ ಹೆಂಡತಿ ತಂದುಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಮುಂದಿನ ಸಭೆಯಲ್ಲಿ ಇದ್ದದ್ದನ್ನು ಹೇಳಿದೆ. "ಮೇಸ್ತ್ರಿ ಮೊದಲೇ ಎಚ್ಚರಿಸಿದ್ದ. ನಾನೇ ಬಾಯಿ ಬಿಡಲಿಲ್ಲ."

ಅಧ್ಯಕ್ಷರು, "ಒಂದು ಮಾತು ಹೇಳಬಾರದಿತ್ತಾ?" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಮೂಡಲ ಪಕ್ಕಕ್ಕೆ ಬಿದಿರಿನ ತಟ್ಟಿ ಬಂತು. ಮುಂಭಾಗಕ್ಕೆ ಹಗ್ಗದಿಂದ ಏರಿಸಿ ಇಳಿಸುವ ದಪ್ಪ ಟಾರ್ಪಾಲಿನ ಪರದೆ ಬಂತು. ತಿಂಗಳುಗಳ ಮೇಲೆ ಮೇಸ್ತ್ರಿ ಕುಂಟುತ್ತ ಬಂದ. ಮತ್ತೆ ಮೂಟೆ ಹೊರಲು ಆಗಲಿಲ್ಲ. ಪರದೆಯ ಹಗ್ಗವೇ ಅವನ ಕೆಲಸವಾಯಿತು. ಒಂದು ಮೋಡದ ದಿನ ಪಕ್ಕದಲ್ಲಿ ನಿಂತು ಹೇಳಿದೆ: "ಮೇಸ್ತ್ರಿ, ಅವತ್ತು ನನಗೆ ಮರೆತಿರಲಿಲ್ಲ. ಹೇಳೋದಕ್ಕೆ ಬೇಜಾರಾಗಿ ಸುಮ್ಮನಾದೆ."

ಅವನು ನನ್ನ ಕಡೆ ತಿರುಗಲಿಲ್ಲ. ಮುರಿದ ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದ. ಗೇಟಿನಲ್ಲಿ ಲಾರಿ ಹಾರನ್ ಹೊಡೆಯಿತು.

"ಆ ಕಡೆ ಹಗ್ಗ ಹಿಡೀರಿ ಸ್ವಾಮಿ. ಪರದೆ ಒಬ್ನಿಂದ ಮೇಲಕ್ಕೆ ಬರಾಕಿಲ್ಲ" ಎಂದ.

ಹಿಡಿದು ಎಳೆದೆ.